ದೇವರ ಗೂಡಿನಿಂದ ಗಾಜಿನ ಬೀರುವಿಗೆ

‘ಸಂಪುಟ’ ಎಂಬ ಮಾತನ್ನು ನಾವು ಇಂದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ ಕೇಳುತ್ತೇವೆ. ಕವಿಗಳ ಸಮಗ್ರ ಕೃತಿಗಳು ಸಂಪುಟಗಳಾಗಿ ಹೊರಬರುತ್ತವೆ. ಮಂತ್ರಿಗಳು ಸಂಪುಟವಾಗಿ ಸಭೆ ಸೇರುತ್ತಾರೆ. ಈ ಎರಡು ಗಂಭೀರ ಬಳಕೆಗಳಿಗೂ ಮೂಲವಾದ ಅರ್ಥ ತೀರ ಮನೆವಾರ್ತೆಯದು. ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿ ಮುಚ್ಚಿದರೆ ಒಳಗೆ ಒಂದು ಎಡೆ ಉಂಟಾಗುತ್ತದಲ್ಲವೆ, ಅದು ಸಂಪುಟ. ಮುಚ್ಚಳವುಳ್ಳ ಸಣ್ಣ ಪೆಟ್ಟಿಗೆ. ಇಂದು ನಾನು ಹೇಳಹೊರಟಿರುವುದು ಆ ಹಳೆಯ ಅರ್ಥದ ಸಂಪುಟಗಳನ್ನು ಕುರಿತು. ಅರಿಶಿನ, ಕುಂಕುಮ, ಸಿಂಧೂರಗಳಂಥ ಮಂಗಳದ್ರವ್ಯಗಳ ಪುಡಿಯನ್ನು ತುಂಬಿಡುತ್ತಿದ್ದ ಪುಟ್ಟ ಪೆಟ್ಟಿಗೆಗಳು ಕಳೆದ ಕೆಲವು ದಶಕಗಳಲ್ಲಿ ದೇವರ ಗೂಡನ್ನು ಬಿಟ್ಟು, ಹಳೆಯ ಸಾಮಾನಿನ ಅಂಗಡಿಗಳ ದಾರಿಯಿಂದ, ಸಂಗ್ರಾಹಕರ ಗಾಜಿನ ಬೀರುಗಳನ್ನು ಸೇರಿವೆ. ಅಲ್ಲಿ ಅವಕ್ಕೆ ಒಳ್ಳೆಯ ಬೆಳಕೂ ಇದೆ, ಒಳ್ಳೆಯ ಬೆಲೆಯೂ ಇದೆ. ಅವು ಯಾರವಾಗಿದ್ದುವು ಎಂದು ಕೇಳುವವರು ಮಾತ್ರ ವಿರಳ.

ಹೆಸರುಗಳಿಂದಲೇ ಪ್ರಾರಂಭಿಸಬಹುದು. ಸಂಸ್ಕೃತದಲ್ಲಿ ಸಂಪುಟದ ಜೊತೆಗೆ ಸಮುದ್ಗ, ಕರಂಡಕ, ಮಂಜೂಷೆ ಎಂಬ ಮಾತುಗಳಿವೆ. ಕರಂಡಕವು ಕನ್ನಡದಲ್ಲಿ ಕರಡಿಗೆಯಾಯಿತು. ಲಿಂಗಾಯತರಲ್ಲಿ ಇಷ್ಟಲಿಂಗವನ್ನು ಇರಿಸಿಕೊಳ್ಳುವ ಸಂಪುಟವೂ ಕರಡಿಗೆಯೆ, ಮುತ್ತೈದೆಯ ಕುಂಕುಮದ ಪೆಟ್ಟಿಗೆಯೂ ಕರಡಿಗೆಯೆ. ಮರಾಠಿಯವರು ಅದನ್ನು ಕರಂಡಾ ಎನ್ನುತ್ತಾರೆ. ನಮ್ಮಲ್ಲಿ ಭರಣಿ ಎಂಬ ಮಾತೂ ಬಳಕೆಯಲ್ಲಿದೆ. ತೆಲುಗಿನಲ್ಲಿಯೂ ಅದು ಕುಂಕುಮ ಭರಿಣೆ. ಉಪ್ಪಿನಕಾಯಿಗೂ ಭರಣಿ, ಕುಂಕುಮಕ್ಕೂ ಭರಣಿ! ಒಂದು ಅಟ್ಟದ ಕೆಳಗೆ ನೆಲಕ್ಕೆ ಕೂತು ವರ್ಷವನ್ನೇ ಕಳೆಯುತ್ತದೆ. ಇನ್ನೊಂದು ಅಂಗೈಯಲ್ಲಿ ಅಡಗುತ್ತದೆ.

ಇಂಥ ಪೆಟ್ಟಿಗೆಗಳ ವಂಶ ಬಹಳ ಹಳೆಯದು. 1892ರಲ್ಲಿ ಅಲೆಕ್ಸಾಂಡರ್ ರೀ ಎಂಬ ಪುರಾತತ್ತ್ವಜ್ಞರು ಆಂಧ್ರದ ಭಟ್ಟಿಪ್ರೋಲುವಿನ ಸ್ತೂಪವನ್ನು ಅಗೆಸಿದಾಗ ಬುದ್ಧಧಾತುವನ್ನು ಇರಿಸಿದ್ದ ಕಲ್ಲಿನ ಪೆಟ್ಟಿಗೆಗಳೂ ಅವುಗಳ ಒಳಗೆ ಸ್ಫಟಿಕದ ಸಂಪುಟಗಳೂ ದೊರೆತುವು. ಅಲ್ಲಿಯ ಬ್ರಾಹ್ಮೀ ಬರೆಹ ಆ ವಸ್ತುಗಳನ್ನು ಕರೆದಿರುವುದು ಮಂಜೂಷೆ, ಸಮುದ್ಗ ಎಂಬ ಮಾತುಗಳ ಪ್ರಾಕೃತ ರೂಪಗಳಿಂದಲೇ. ಮಾಡಿಸಿಕೊಟ್ಟವರ ಹೆಸರುಗಳನ್ನೂ ಅಲ್ಲಿ ಕೊರೆದಿದ್ದಾರೆ. ಅದಕ್ಕೆ ಸುಮಾರು ನಲವತ್ತು ವರ್ಷ ಮೊದಲು, 1851ರಲ್ಲಿ, ಸಾಂಚಿಯ ಮೂರನೆಯ ಸ್ತೂಪದಲ್ಲಿ ಕನಿಂಗ್‌ಹ್ಯಾಮ್ ಮತ್ತು ಮೇಸಿ ಎಂಬ ಅಧಿಕಾರಿಗಳಿಗೆ ಬುದ್ಧನ ಪಟ್ಟಶಿಷ್ಯರಾದ ಸಾರಿಪುತ್ರ ಮೌದ್ಗಲ್ಯಾಯನರ ಅಸ್ಥಿಸಂಪುಟಗಳು ಸಿಕ್ಕಿದ್ದುವು. ಹೊರಗಿನ ಕಲ್ಲುಪೆಟ್ಟಿಗೆಗಳ ಮುಚ್ಚಳದ ಮೇಲೆ ಅವರ ಹೆಸರುಗಳಿದ್ದುವು. ಅದು ಸಾಲದೆಂಬಂತೆ, ಒಳಗಿನ ಬಳಪದ ಕಲ್ಲಿನ ಪುಟ್ಟ ಸಂಪುಟಗಳ ಮುಚ್ಚಳದ ಒಳಮೈಯಲ್ಲಿ ಮಸಿಯಿಂದ ಒಂದೊಂದೇ ಅಕ್ಷರ ಬರೆದಿತ್ತು: ಒಂದರಲ್ಲಿ ‘ಸಾ’, ಇನ್ನೊಂದರಲ್ಲಿ ‘ಮ’. ಕಲ್ಲಲ್ಲ, ಲೋಹವಲ್ಲ, ಬರಿಯ ಮಸಿ. ಎರಡು ಸಾವಿರ ವರ್ಷ ಅಳಿಯದೆ ಉಳಿದಿದೆ. ಪೆಟ್ಟಿಗೆಯನ್ನು ಮುಚ್ಚುವ ಮೊದಲು ಅದು ಯಾರದೆಂದು ಗುರುತು ಹಾಕಬೇಕೆಂಬ ಎಚ್ಚರ ಅಂದಿನವರಿಗೆ ಎಷ್ಟಿತ್ತೆಂಬುದಕ್ಕೆ ಇದು ಸಾಕ್ಷಿ.

ಧಾತುಸಂಪುಟದ ಚರಿತ್ರೆ ಇಷ್ಟು ಸ್ಪಷ್ಟವಾಗಿರುವಾಗ ಕುಂಕುಮದ ಭರಣಿಯ ಚರಿತ್ರೆಯನ್ನು ಕಾವ್ಯಗಳಿಂದ ಹೆಕ್ಕಬಹುದಲ್ಲ ಎಂದು ಸಾಹಿತ್ಯಾಸಕ್ತರಿಗೆ ತೋರಬಹುದು. ಆದರೆ ಅಲ್ಲಿ ಒಂದು ತೊಡಕಿದೆ. ಸಂಸ್ಕೃತ ಕಾವ್ಯಗಳ ಕುಂಕುಮ ನಮ್ಮ ಹಣೆಯ ಕುಂಕುಮವಲ್ಲ. ಅದು ಕಾಶ್ಮೀರದ ಕೇಸರಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಕುಂಕುಮಕೇಸರವೂ ಕವಿತೆಯೂ ಒಡಹುಟ್ಟಿದವೆಂದೂ ಶಾರದೆಯ ದೇಶವಾದ ತನ್ನ ನಾಡನ್ನು ಬಿಟ್ಟು ಬೇರೆಲ್ಲಿಯೂ ಅವು ಮೊಳೆಯುವುದನ್ನು ಕಂಡಿಲ್ಲವೆಂದೂ ಹೆಮ್ಮೆಪಟ್ಟಿದ್ದಾನೆ. ಕನ್ನಡ ನಾಡಿನ ಅನ್ನ ಉಂಡು ಹಾಗೆ ಹೇಳಿದ್ದು ಸ್ವಲ್ಪ ಅತಿಯಾಯಿತೆಂದು ನಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಅವನು ಯಾವ ಕುಂಕುಮದ ಮಾತಾಡುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಅದು ಮೈಗೆ ಪೂಸುವ ಸುಗಂಧ ಲೇಪನ. ಅರಿಶಿನದಿಂದ ಮಾಡಿದ ಕೆಂಪು ಪುಡಿ ಆ ಬೆಲೆಬಾಳುವ ವಸ್ತುವಿನ ಹೆಸರನ್ನು ಹೊತ್ತುಕೊಂಡಿತು. ಹೀಗಾಗಿ ಕಾವ್ಯದಲ್ಲಿ ಕುಂಕುಮ ಬಂದಲ್ಲೆಲ್ಲ ಭರಣಿಯನ್ನು ಕಲ್ಪಿಸಿಕೊಳ್ಳುವುದು ಅಪಾಯಕರ. ನಮಗೆ ಉಳಿದಿರುವ ಹೆಚ್ಚಿನ ಪುರಾವೆ ಭರಣಿಗಳೇ.

ಆದ್ದರಿಂದ ಭರಣಿಯನ್ನೇ ಕೈಗೆತ್ತಿಕೊಂಡು ನೋಡೋಣ. ಅದು ಹಾಗೇಕೆ ಇದೆ ಎಂದು ತಿಳಿಯಬೇಕಾದರೆ ಒಳಗಿನ ಪುಡಿಯ ಸ್ವಭಾವ ತಿಳಿದಿರಬೇಕು. ಹಳೆಯ ಕ್ರಮದಲ್ಲಿ ಕುಂಕುಮ ಮಾಡುವವರು ಅರಿಶಿನದ ಕೊಂಬುಗಳಿಗೆ ನಿಂಬೆಯ ರಸ, ಬಿಳಿಗಾರ, ಪಟಿಕಗಳನ್ನು ಸೇರಿಸಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡುತ್ತಿದ್ದರು. ಸುಣ್ಣ ತಗುಲಿದರೂ ಅರಿಶಿನ ಕೆಂಪಾಗುತ್ತದೆಂಬುದನ್ನು ಆರತಿಯ ನೀರನ್ನು ಕಲಸಿದವರೆಲ್ಲ ಬಲ್ಲರು. ಹೀಗೆ ಸಿದ್ಧವಾದ ಪುಡಿ ಬಹಳ ನಯವಾದದ್ದು. ಗಾಳಿಗೆ ಹಾರುತ್ತದೆ, ತೇವ ಹತ್ತಿದರೆ ಗಂಟು ಕಟ್ಟುತ್ತದೆ, ಬಿಸಿಲು ಬಿದ್ದರೆ ಬಣ್ಣ ಇಳಿಯುತ್ತದೆ. ಚೆಲ್ಲಿದರಂತೂ ಅಪಶಕುನವೆಂಬ ನಂಬಿಕೆ. ಈ ನಾಲ್ಕು ಕಾಟಗಳಿಗೆ ಕಂಡುಕೊಂಡ ಉತ್ತರವೇ ಭರಣಿಯ ಆಕಾರ. ತಳ ಅಗಲ, ಏಕೆಂದರೆ ಉರುಳಬಾರದು. ಬಾಯಿಯ ಅಂಚು ಒಳಕ್ಕೆ ಮೆಟ್ಟಿಲಿನಂತೆ ಇಳಿದು ಮುಚ್ಚಳವನ್ನು ಬಿಗಿಯಾಗಿ ಹಿಡಿಯುತ್ತದೆ. ಒಳಗೆ ಮೂಲೆಗಳಿಲ್ಲ, ಕೊನೆಯ ಚಿಟಿಕೆಯೂ ಉಂಗುರಬೆರಳಿಗೆ ಸಿಗುವಂತೆ ತಳವನ್ನು ಬಟ್ಟಲಿನ ಹಾಗೆ ಉರುಟಾಗಿ ಬಿಟ್ಟಿರುತ್ತಾರೆ. ಮುಚ್ಚಳದ ನೆತ್ತಿಯ ಮೊಗ್ಗು ಅಥವಾ ನವಿಲು ಅಂದಕ್ಕಾಗಿ ಮಾತ್ರ ಇರುವುದಲ್ಲ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಕೈ ಜಾರದಂತೆ ಹಿಡಿಯಲು ಅದು ಬೇಕು.

ಅಂಗಡಿಯವರು ಇವೆಲ್ಲವನ್ನೂ ಒಟ್ಟಾಗಿ ಪೂಜಾಪೆಟ್ಟಿಗೆ ಎಂದು ಕರೆದುಬಿಡುತ್ತಾರೆ. ಆದರೆ ಮನೆಯಲ್ಲಿ ಅವುಗಳ ಕೆಲಸ ಬೇರೆಬೇರೆ. ಬಂದ ಮುತ್ತೈದೆಯರ ಮುಂದೆ ಒಡ್ಡುವ ಅರಿಶಿನ ಕುಂಕುಮದ ಬಟ್ಟಲುಗಳು ಸಾಮಾನ್ಯವಾಗಿ ಜೋಡಿ. ಅವು ತೆರೆದೇ ಇರುತ್ತವೆ, ಏಕೆಂದರೆ ಅತಿಥಿಯ ಮುಂದೆ ಮುಚ್ಚಳ ತೆಗೆಯುತ್ತ ನಿಲ್ಲುವುದು ಲಕ್ಷಣವಲ್ಲ. ದೇವರ ಪೂಜೆಗೆ ಬೇಕಾದದ್ದು ಹಲವು ಗುಳಿಗಳ ತಟ್ಟೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಪಂಚಪಾಳೆ ಎಂಬ ಹೆಸರು. ಹೂವಿನ ಎಸಳುಗಳಂತೆ ಸೇರಿಸಿದ ಐದು ಬಟ್ಟಲುಗಳಲ್ಲಿ ಅರಿಶಿನ, ಕುಂಕುಮ, ಅಕ್ಷತೆ ಮೊದಲಾದವನ್ನು ತುಂಬುತ್ತಾರೆ. ಅದೇ ಕಡೆಯ ಇನ್ನೊಂದು ಚೆಲುವಾದ ವಸ್ತು ಕೊಯರಿ. ಎಳೆಯ ಮಾವಿನಕಾಯಿಯ ಆಕಾರದ ಈ ಪೆಟ್ಟಿಗೆಯ ತುದಿ ಸ್ವಲ್ಪ ಬಾಗಿರುತ್ತದೆ. ನಮ್ಮ ಸೀರೆಯ ಸೆರಗುಗಳ ಮೇಲೆ ಕಾಣುವ ಮಾವಿನಕಾಯಿಯೇ ಅಲ್ಲಿ ಹಿತ್ತಾಳೆಯಲ್ಲಿ ಎರಕಗೊಂಡು ಕೂತಂತಿದೆ.

ಮೂರನೆಯದು ಹೆಂಗಸರು ತಮ್ಮ ಶೃಂಗಾರಕ್ಕೆ ಬಳಸುತ್ತಿದ್ದ ಕರಡಿಗೆ. ಕುಂಕುಮ ಒಣಪುಡಿ, ಹಣೆಯ ಮೇಲೆ ನಿಲ್ಲಬೇಕಾದರೆ ಕೆಳಗೆ ಜೇನುಮೇಣದ ಲೇಪ ಬೇಕು. ಮೊದಲು ಮೇಣವನ್ನು ದುಂಡಗೆ ಒತ್ತಿ, ಅದರ ಮೇಲೆ ಪುಡಿಯನ್ನು ಕೂರಿಸಿ, ಉಳಿದದ್ದನ್ನು ಒರೆಸುವುದು ಕ್ರಮ. ಇದಕ್ಕಾಗಿ ಮರಾಠಿ ಮನೆಗಳಲ್ಲಿ ಫಣೇರಪೇಟಿ ಎಂಬ ಮರದ ಪೆಟ್ಟಿಗೆ ಇರುತ್ತಿತ್ತು. ಮುಚ್ಚಳದ ಒಳಬದಿಗೆ ಕನ್ನಡಿ, ಒಳಗೆ ಬಾಚಣಿಗೆ, ಮೇಣದ ಡಬ್ಬಿ, ಕುಂಕುಮದ ಕರಂಡಾ. ಹಳೆಯ ಅಂಗಡಿಗಳಲ್ಲಿ ಕರಂಡಾ ಒಂದೆಡೆ, ಮೇಣದ ಡಬ್ಬಿ ಇನ್ನೊಂದೆಡೆ ಸಿಗುತ್ತವೆ. ಮೇಣದ ಡಬ್ಬಿಯನ್ನು ಸುಣ್ಣದ ಡಬ್ಬಿ ಎಂದು ಮಾರುವವರೂ ಉಂಟು. ಕುಟುಂಬ ಒಡೆದಂತೆ ಪೆಟ್ಟಿಗೆಯೂ ಒಡೆಯುತ್ತದೆ.

ಗಾಜಿನ ಬೀರುಗಳಲ್ಲಿ ಕಾಣುವುದು ಬಹುಮಟ್ಟಿಗೆ ಹಿತ್ತಾಳೆ, ಕಂಚು, ಬೆಳ್ಳಿ. ಇದರಿಂದ ಹಿಂದಿನವರೆಲ್ಲ ಲೋಹದ ಭರಣಿಗಳನ್ನೇ ಬಳಸುತ್ತಿದ್ದರೆಂಬ ತಪ್ಪು ಅಭಿಪ್ರಾಯ ಹುಟ್ಟುತ್ತದೆ. ನಿಜವಾಗಿ ನೋಡಿದರೆ ಹುಳಿ ಸೇರಿದ ಕುಂಕುಮಕ್ಕೂ ಹಿತ್ತಾಳೆಗೂ ಅಷ್ಟಾಗಿ ಆಗಿಬರುವುದಿಲ್ಲ. ತುಸು ತೇವವಿದ್ದರೆ ಸಾಕು, ಕಿಲುಬು ಏಳುತ್ತದೆ. ಮರವೇ ಅದಕ್ಕೆ ಹಿತ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರದ ತುಂಡನ್ನು ತಿರುಗಣಿಯ ಮೇಲೆ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಕೇದಗೆಯ ಒಣಗಿದ ಓಲೆಯಿಂದ ಒತ್ತಿ ತಿಕ್ಕಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಆಂಧ್ರದಲ್ಲಿ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ಅದೇ ಜಾತಿಯ ಮರವನ್ನು ಅಂಕುಡು ಎಂದು ಕರೆದು ಅದೇ ಬಗೆಯಲ್ಲಿ ಕುಂಕುಮ ಭರಿಣೆಗಳನ್ನು ಕಡೆಯುತ್ತಾರೆ. ಮರದ ಭರಣಿ ಅಗ್ಗವಾದ್ದರಿಂದ ಎಲ್ಲರ ಕೈಗೂ ಎಟುಕುತ್ತಿತ್ತು. ಗೌರಿಯ ಬಾಗಿನದ ಮೊರದಲ್ಲಿ ಬಳೆ ಬಿಚ್ಚೋಲೆಗಳ ಜೊತೆ ಹೋಗುತ್ತಿದ್ದುದೂ ಇಂಥವೇ. ಆದರೆ ಮರಕ್ಕೆ ಹುಳು ಹಿಡಿಯುತ್ತದೆ, ಬಿರುಕು ಬಿಡುತ್ತದೆ. ಮುರಿದದ್ದನ್ನು ಒಲೆಗೆ ಹಾಕಿದರೆ ಕೇಳುವವರಿಲ್ಲ. ಉಳಿದ ವಸ್ತುಗಳನ್ನು ಮಾತ್ರ ನೋಡಿ ಚರಿತ್ರೆ ಬರೆದರೆ ಅದು ಉಳ್ಳವರ ಚರಿತ್ರೆಯಾಗುತ್ತದೆ.

ವಿಂಧ್ಯದಿಂದ ಆಚೆ ಭರಣಿಯ ಸ್ಥಾನದಲ್ಲಿ ಸಿಂಧೂರದಾನಿ ಬರುತ್ತದೆ. ಬಂಗಾಳದ ಮದುವಣಗಿತ್ತಿ ಮದುವೆಯ ದಿನ ಕೈಯಲ್ಲಿ ಹಿಡಿದಿರುವ ಗಾಛಕೌಟೊ ಎಂಬ ಮರದ ಸಿಂಧೂರದ ಡಬ್ಬಿ ನಮ್ಮ ಅರಗಿನ ಭರಣಿಗಳ ದೂರದ ತಂಗಿಯಂತಿದೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕುಂಕುಮ ಗಿಡದಿಂದ ಬಂದದ್ದು. ಹಳೆಯ ಸಿಂಧೂರ ಬಹುಮಟ್ಟಿಗೆ ಖನಿಜ. ಪಾದರಸ ಗಂಧಕಗಳ ಇಂಗಳೀಕವೋ ಸೀಸವನ್ನು ಸುಟ್ಟು ಪಡೆದ ಕೆಂಪೋ ಅದರಲ್ಲಿರುತ್ತದೆ. ಅರಿಶಿನದ ಬಣ್ಣ ವರ್ಷಗಳು ಕಳೆದಂತೆ ಮಾಸಿಹೋಗುತ್ತದೆ, ಖನಿಜದ ಬಣ್ಣ ನಿಲ್ಲುತ್ತದೆ. ಹಳೆಯ ಪೆಟ್ಟಿಗೆಯ ಕೊರೆತಗಳ ಸಂದಿಯಲ್ಲಿ ಉಳಿದ ಒಂದು ಸಾಸಿವೆಯಷ್ಟು ಕೆಂಪು ಅದು ಯಾವ ಸೀಮೆಯ, ಯಾವ ಸಂಪ್ರದಾಯದ ಮನೆಯದೆಂಬುದಕ್ಕೆ ಒಂದು ಸುಳಿವಾಗಬಲ್ಲದು. ಸಂಗ್ರಾಹಕರು ಮಾಡುವ ಮೊದಲ ಕೆಲಸವೆಂದರೆ ಅದನ್ನು ತೊಳೆಯುವುದು! ತೊಳೆಯದೆ ಬಿಡಿ, ಆದರೆ ಅದು ವಿಷವಾಗಿರಬಹುದಾದ್ದರಿಂದ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಇನ್ನು ಈ ವಸ್ತುಗಳು ಯಾರವಾಗಿದ್ದುವು ಎಂಬ ಮಾತಿಗೆ ಬರೋಣ. ಹಳೆಯ ಅವಿಭಕ್ತ ಕುಟುಂಬದಲ್ಲಿ ಹೊಲ, ಮನೆ, ದನ, ದವಸ ಎಲ್ಲವೂ ಗಂಡಸರ ಹೆಸರಿನಲ್ಲಿದ್ದಾಗ ಹೆಣ್ಣಿನ ಸ್ವಂತದ್ದು ಎನ್ನಬಹುದಾದದ್ದು ಸ್ತ್ರೀಧನ ಮಾತ್ರ. ಒಡವೆ, ಸೀರೆ, ತವರಿನ ಪಾತ್ರೆಗಳ ಜೊತೆಗೆ ಕುಂಕುಮದ ಭರಣಿಯೂ ಅದರಲ್ಲಿ ಸೇರಿತ್ತು. ಒಡವೆಯನ್ನು ಕಷ್ಟಕಾಲದಲ್ಲಿ ಗಂಡ ಅಡವಿಡುತ್ತಿದ್ದ. ಪಾತ್ರೆಯನ್ನು ಎಲ್ಲರೂ ಬಳಸುತ್ತಿದ್ದರು. ಭರಣಿಗೆ ಮಾತ್ರ ಬೇರೆಯವರು ಕೈಹಾಕುತ್ತಿರಲಿಲ್ಲ. ಆದರೂ ಅದು ಪೂರ್ತಿ ಅವಳದೆ? ಗಂಡ ತೀರಿಕೊಂಡ ದಿನವೇ ಅದನ್ನು ಮುಟ್ಟುವ ಹಕ್ಕು ಹೋಗುತ್ತಿತ್ತು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ವಿಧವೆಯಾದವರ ಭರಣಿಗಳು ಹೊಸದಾಗಿರುವಾಗಲೇ ಮಗ್ಗುಲಾದುವು. ಸಂಗ್ರಾಹಕರು ಸವೆಯದ ಭರಣಿಯನ್ನು ಕಂಡರೆ ಸಂತೋಷಪಡುತ್ತಾರೆ. ಎಷ್ಟು ಸೊಗಸಾಗಿ ಉಳಿದಿದೆ ಎನ್ನುತ್ತಾರೆ. ಎಲ್ಲ ಸವೆಯದ ಭರಣಿಗಳ ಹಿಂದೆಯೂ ಇಂಥ ದುಃಖವಿದೆಯೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆಂದು ತೆಗೆದಿಟ್ಟದ್ದಿರಬಹುದು, ಎರಡು ಮೂರು ಇದ್ದಿರಬಹುದು. ಆದರೆ ಉಪಯೋಗದಲ್ಲಿದ್ದ ಭರಣಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೋಗುತ್ತಿತ್ತೇ ಹೊರತು ಸಂತೆಗೆ ಹೋಗುತ್ತಿರಲಿಲ್ಲ. ಅಂಗಡಿಗೆ ಬಂದದ್ದೆಂದರೆ ಎಲ್ಲಿಯೋ ಒಂದು ಕೊಂಡಿ ಕಳಚಿದೆ ಎಂದೇ ಅರ್ಥ.

ಕೊಂಡಿ ಕಳಚಲು ವೈಧವ್ಯವೇ ಆಗಬೇಕೆಂದಿರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸಾಕಾಯಿತು. ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ಹಿತ್ತಾಳೆ ತಾಮ್ರಗಳನ್ನು ತೂಕಕ್ಕೆ ತೆಗೆದುಕೊಂಡು ಹೊಳೆಯುವ ಸ್ಟೀಲಿನ ಪಾತ್ರೆಗಳನ್ನು ಕೊಡುವ ವ್ಯಾಪಾರಿಗಳು ಬೀದಿ ಬೀದಿ ಸುತ್ತುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿ ಬೇಸತ್ತ ಗೃಹಿಣಿಯರನ್ನು ದೂರುವುದು ನ್ಯಾಯವಲ್ಲ. ತಿಕ್ಕದವರಿಗೆ ಹಿತ್ತಾಳೆಯ ಸೌಂದರ್ಯ ಹೊಗಳುವುದು ಸುಲಭ. ಹಂಡೆ ಕೊಪ್ಪರಿಗೆಗಳ ಜೊತೆ ತಕ್ಕಡಿಗೆ ಬಿದ್ದ ಭರಣಿಗಳಲ್ಲಿ ಬಹುಪಾಲು ಕುಲುಮೆಗೆ ಹೋಗಿ ಕರಗಿದುವು. ಕಣ್ಣುಳ್ಳ ವ್ಯಾಪಾರಿ ಆರಿಸಿ ತೆಗೆದಿಟ್ಟ ಕೆಲವು ಮಾತ್ರ ಉಳಿದುವು. ಆ ಹೊತ್ತಿಗೆ ಮೊದಲು ಸೀಸೆಯಲ್ಲಿ ಬಂದ ದ್ರವದ ಕುಂಕುಮ, ಆಮೇಲೆ ಅಂಟಿಸುವ ಬಿಂದಿ ಬಂದು ಭರಣಿಗೆ ಮನೆಯಲ್ಲಿ ಇದ್ದ ದಿನನಿತ್ಯದ ಕೆಲಸವನ್ನೂ ತಪ್ಪಿಸಿದುವು.

ಇಂಥ ಸಮಯದಲ್ಲಿ ಸಂಗ್ರಾಹಕರು ಮಾಡಿದ ಉಪಕಾರವನ್ನು ಮರೆಯಬಾರದು. ಪುಣೆಯ ದಿನಕರ ಕೇಳಕರ್ ಅವರು (1896–1990) ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದವರು. 1920ರ ಸುಮಾರಿನಿಂದ ಅವರು ದೀಪ, ಅಡಕತ್ತರಿ, ಬಾಚಣಿಗೆ, ಕರಂಡಾ ಮೊದಲಾದ ಮನೆಬಳಕೆಯ ವಸ್ತುಗಳನ್ನು ಊರೂರು ತಿರುಗಿ ಕೂಡಿಸಿದರು. ವಿಗ್ರಹಗಳನ್ನೂ ನಾಣ್ಯಗಳನ್ನೂ ಮಾತ್ರ ಪ್ರಾಚೀನವೆಂದು ಎಣಿಸುತ್ತಿದ್ದ ಕಾಲ ಅದು. ಎಳವೆಯಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಕಟ್ಟಿದ ಆ ಸಂಗ್ರಹ 1962ರಲ್ಲಿ ಮಹಾರಾಷ್ಟ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ಆಶ್ರಯಕ್ಕೆ ಬಂತು. ಇಂದು ಅಲ್ಲಿ ಸುಮಾರು 20,000 ವಸ್ತುಗಳಿವೆ. ನಮ್ಮಲ್ಲಿ 1968ರಲ್ಲಿ ಪ್ರಾರಂಭವಾದ ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವೂ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದ ಪರಂಪರೆಯ ಗ್ರಾಮವೂ ಇದೇ ಜಾತಿಯ ಕೆಲಸಗಳು. ಧರ್ಮಸ್ಥಳದ ವಸ್ತುಸಂಗ್ರಹಾಲಯಕ್ಕೆ ‘ಮಂಜೂಷಾ’ ಎಂದೇ ಹೆಸರು. ಭಟ್ಟಿಪ್ರೋಲುವಿನ ಕಲ್ಲಿನ ಮೇಲಿದ್ದ ಆ ಮಾತು ಇಲ್ಲಿಯ ತನಕ ನಡೆದುಬಂದಿದೆ.

ಮಾರುಕಟ್ಟೆಯ ಸಂಗ್ರಹ ಬೇರೆ ಜಾತಿಯದು. ಬೇಡಿಕೆ ಹೆಚ್ಚಿದಂತೆ ಹೊಸ ಹಿತ್ತಾಳೆಯನ್ನು ರಾಸಾಯನಿಕದಲ್ಲಿ ಅದ್ದಿ, ಮಣ್ಣಿನಲ್ಲಿ ಹೂತು ಹಳತು ಮಾಡುವ ವಿದ್ಯೆಯೂ ಬೆಳೆದಿದೆ. ಇದನ್ನು ಪತ್ತೆಹಚ್ಚಲು ಬಣ್ಣವನ್ನಲ್ಲ, ಸವೆತವನ್ನು ನೋಡಬೇಕು. ನಿಜವಾಗಿ ಬಳಸಿದ ಭರಣಿ ಎಲ್ಲೆಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಹೆಬ್ಬೆರಳು ತಾಗುವ ಕಡೆ ನವಿಲಿನ ಒಂದು ರೆಕ್ಕೆ ಅಳಿಸಿರುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಕೀಲಿನ ಕಡ್ಡಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಕೃತಕವಾಗಿ ಹಳೆಯದಾದದ್ದು ಎಲ್ಲೆಲ್ಲಿಯೂ ಸಮನಾಗಿ ಹಳೆಯದಾಗಿರುತ್ತದೆ. ಅದು ಯಾರ ಕೈಯನ್ನೂ ಕಂಡಿಲ್ಲ. ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1972ರಲ್ಲಿ ಆದ, 1976ರ ಏಪ್ರಿಲ್ 5ರಂದು ಜಾರಿಗೆ ಬಂದ ಪ್ರಾಚೀನ ವಸ್ತುಗಳ ಅಧಿನಿಯಮದ ಪ್ರಕಾರ ನೂರು ವರ್ಷ ತುಂಬಿದ ಕುಶಲಕಲೆಯ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ಕಾಲ ಕಳೆದಂತೆ ವರ್ಷವರ್ಷವೂ ಒಂದಿಷ್ಟು ಭರಣಿಗಳು ಸದ್ದಿಲ್ಲದೆ ಈ ಗೆರೆಯನ್ನು ದಾಟುತ್ತಿವೆ. ಮನೆಯಲ್ಲಿರುವ ಅಜ್ಜಿಯ ಭರಣಿಯೂ ದಾಟಿರಬಹುದು.

ನಮ್ಮ ಕಡೆಯ ಪಾತ್ರೆಗಳಲ್ಲಿ ಒಂದು ವಿಶೇಷವಿದೆ. ಕೊಂಡ ಪಾತ್ರೆಗೆ ಹೆಸರು ಹಾಕಿಸುವುದು ಇಲ್ಲಿಯ ವಾಡಿಕೆ. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದು ಅಕ್ಷರ ಮೂಡಿಸುತ್ತಾರೆ. ಕೊಳಗದಂಥ ದೊಡ್ಡ ಪಾತ್ರೆಯ ಮೇಲೆ ಪೂರ್ತಿ ಹೆಸರೂ ಕೊಟ್ಟವರ ಹೆಸರೂ ಇಸವಿಯೂ ಹಿಡಿಸುತ್ತವೆ. ಭರಣಿಯ ಅಡಿಯಲ್ಲಿ ಅಷ್ಟು ಜಾಗವಿಲ್ಲ. ಎರಡು ಮೂರು ಮೊದಲಕ್ಷರಗಳು ಬಿದ್ದರೆ ಹೆಚ್ಚು. ಅದರಲ್ಲಿಯೂ ಊರಿನದೊಂದು, ಯಜಮಾನರದೊಂದು ಕಳೆದರೆ ಆಕೆಯದೆಂದು ಉಳಿಯುವುದು ಒಂದೇ ಅಕ್ಷರ. ಎಷ್ಟೋ ಸಲ ಅದೂ ಇಲ್ಲ. ಕೆಲವು ಕೊಳ್ಳುವವರಿಗೆ ಇದು ಕಳಂಕದಂತೆ ಕಾಣುತ್ತದೆ. ಅರಗಿಸಿ ನುಣುಪು ಮಾಡಿದ ತಳಗಳನ್ನು ನಾನು ನೋಡಿದ್ದೇನೆ. ಸಾಂಚಿಯ ಸಂಪುಟದ ‘ಸಾ’ ಯಾರದೆಂದು ಹೊರಗಿನ ಕಲ್ಲು ಹೇಳಿತು. ಭರಣಿಯ ಅಕ್ಷರ ಯಾರದೆಂದು ಹೇಳಬಲ್ಲವರು ಅದನ್ನು ಮಾರುವ ಮನೆಯವರು ಮಾತ್ರ, ಅದೂ ಮಾರುವ ದಿನದ ತನಕ ಮಾತ್ರ. ಕೊಳ್ಳುವವರು ಬೆಲೆ ಕೇಳುವ ಮೊದಲು ಹೆಸರು ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟರೆ ಸಾಕು. ಊರು, ಮನೆತನ, ಯಾವ ಮಗಳ ಮದುವೆಗೆ ಮಾಡಿಸಿದ್ದು ಎಂಬಷ್ಟು. ಇದಕ್ಕೆ ಕಾಸಿನ ಖರ್ಚಿಲ್ಲ.

ಅಕ್ಷರ ಕಾಣದ ಭರಣಿಗಳಲ್ಲಿಯೂ ಎಲ್ಲವನ್ನೂ ಅರದಿಂದ ಉಜ್ಜಿದ್ದಲ್ಲ. ಶುಕ್ರವಾರ ಶುಕ್ರವಾರವೂ ಹುಣಸೆಹಣ್ಣು, ಬೂದಿ ಹಾಕಿ ನಲವತ್ತು ಐವತ್ತು ವರ್ಷ ತಿಕ್ಕಿದ ಕೈ ತನ್ನ ಅಕ್ಷರವನ್ನು ತಾನೇ ಸವೆಸಿರುತ್ತದೆ. ಅಂಥ ಭರಣಿಯನ್ನು ಬೋರಲು ಹಿಡಿದು, ಕಿಟಕಿಯ ಬೆಳಕು ಓರೆಯಾಗಿ ತಳದ ಮೇಲೆ ಬೀಳುವಂತೆ ಮೆಲ್ಲಗೆ ತಿರುಗಿಸಬೇಕು. ಒಂದೆರಡು ಚುಕ್ಕೆಗಳು ಕೆಲವೊಮ್ಮೆ ಕಾಣಿಸಿಕೊಳ್ಳುತ್ತವೆ.